ತೋಳಿನಿಂದ ತೋಳಿಗೆ

ನಮ್ಮಮ್ಮನಿಗೆ ಎಡಗಣ್ಣು ಕಾಣುತ್ತಿರಲಿಲ್ಲ. ಮುಖದ ತುಂಬ ಸಿಡುಬಿನ ಕಲೆ. ಅವಳಿಗೆ ಐದಾರು ವರ್ಷವಿದ್ದಾಗ ಮನೆ ಹೊಕ್ಕ ಸಿಡುಬು ಅವಳ ತಂಗಿಯನ್ನೂ ಅವಳ ಒಂದು ಕಣ್ಣನ್ನೂ ತೆಗೆದುಕೊಂಡು ಹೋಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಆಗ ಅಕ್ಕಪಕ್ಕದವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮ ಬಂದವ್ಳೆ, ತಣ್ಣಗೆ ಮಾಡಿ ಕಳಿಸ್ಬೇಕು ಅನ್ನುತ್ತಿದ್ದರಂತೆ. ನಮ್ಮಜ್ಜಿಯೂ ಅದೇ ಬೇವಿನ ಸೊಪ್ಪು ಹಾಸಿ ಮಕ್ಕಳನ್ನು ಮಲಗಿಸಿ, ಪಕ್ಕದಲ್ಲಿ ಜಪಸರ ಹಿಡಿದು ಕೂತಿದ್ದಳಂತೆ. ಸಣ್ಣದು ತೀರಿಹೋದ ಮೇಲೆ ಬಂಧುಗಳು ಬಂದು ‘ಸರ್ವೇಶ್ವರನ ಚಿತ್ತ’ ಎಂದರು. ಅಜ್ಜಿ ಅವರಿಗೆ ಏನೂ ಹೇಳಲಿಲ್ಲ. ಆದರೆ ಮುಂದೆ ಊರಿಗೆ ದಾಕು ಹಾಕುವವರು ಬಂದಾಗ, ಬೇರೆಯವರ ಮಕ್ಕಳು ಕಬ್ಬಿನ ಗದ್ದೆಯಲ್ಲಿ ಬಚ್ಚಿಟ್ಟುಕೊಂಡರೆ, ಅಜ್ಜಿ ಉಳಿದ ಮಕ್ಕಳನ್ನೆಲ್ಲ ದರದರನೆ ಎಳೆದು ತಂದು ಸಾಲಿನಲ್ಲಿ ಮೊದಲು ನಿಲ್ಲಿಸಿದಳು. ಅದೇ ಅವಳ ಉತ್ತರವಾಗಿತ್ತು ಎಂದು ನನಗೆ ಅರ್ಥವಾಗುವ ಹೊತ್ತಿಗೆ ನಾನೇ ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ಸುತ್ತುವವಳಾಗಿದ್ದೆ.

ಅಮ್ಮ ಈ ಕತೆ ಹೇಳಿದಾಗಲೆಲ್ಲ ‘ದೊಡ್ಡ ಸ್ವಾಮಿಯೋರ’ ಹೆಸರು ತರುತ್ತಿದ್ದಳು. ಅವಳು ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲು ಊರು ಬಿಟ್ಟು ಹೋದ ಮನುಷ್ಯ ಅವರು. ಆದರೂ ಹೋದ ಭಾನುವಾರ ಸಿಕ್ಕಿದ್ದರು ಅನ್ನುವ ಹಾಗೆ ಮಾತಾಡುತ್ತಿದ್ದಳು. ಪುಸ್ತಕಗಳಲ್ಲಿ ಅವರ ಹೆಸರು ಅಬ್ಬೆ ದುಬ್ವಾ. ಫ್ರಾನ್ಸಿನಲ್ಲಿ ಮಹಾಕ್ರಾಂತಿ ಪಾದ್ರಿಗಳ ತಲೆ ಉರುಳಿಸುತ್ತಿದ್ದ ಕಾಲಕ್ಕೆ, 1792ರಲ್ಲಿ, ಗುರುದೀಕ್ಷೆ ಪಡೆದು ಹಡಗು ಹತ್ತಿದವರು. 1799ರಲ್ಲಿ ಟಿಪ್ಪು ಸುಲ್ತಾನ ಸತ್ತು ಪಟ್ಟಣ ಬಿದ್ದ ಮೇಲೆ, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇಲ್ಲಿಗೆ ಬಂದರು. ಗಂಜಾಂನ ನಮ್ಮ ಗುಡಿ 1800ರಲ್ಲಿ ಅವರು ಕಟ್ಟಿಸಿದ್ದು. ನಮ್ಮವರ ಹಾಗೆ ಉಟ್ಟು, ರುಮಾಲು ಸುತ್ತಿ, ಮಾಂಸ ಬಿಟ್ಟು ಬದುಕಿದರು. ನಮ್ಮ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡಿತು. ಜಗತ್ತು ಅವರನ್ನು ನೆನೆಯುವುದು ಆ ಪುಸ್ತಕದಿಂದ. ನಮ್ಮಮ್ಮ ನೆನೆಯುತ್ತಿದ್ದದ್ದು ಸಿಡುಬಿನ ಲಸಿಕೆಯಿಂದ, ಮತ್ತು ನನ್ನ ಮಟ್ಟಿಗೆ ಅಮ್ಮನ ನೆನಪೇ ಹೆಚ್ಚು ಸರಿ.

ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಕೂಸಿಗೆ. ಅಲ್ಲಿಂದ ಸ್ವಲ್ಪ ಕಾಲದಲ್ಲೇ ದುಬ್ವಾ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಇಳಿದಿದ್ದರು. ಆಗ ಫ್ರಿಜ್ ಇಲ್ಲ, ಐಸ್ ಇಲ್ಲ. ಲಸಿಕೆಯನ್ನು ಬದುಕಿಸಿಟ್ಟುಕೊಂಡು ಹೋಗಲು ಇದ್ದ ಪಾತ್ರೆ ಹೆಚ್ಚಾಗಿ ಮನುಷ್ಯರ ಮೈ. ಒಂದು ಮಗುವಿನ ತೋಳಿಗೆ ಹಾಕಿದರೆ ಎಂಟನೆಯ ದಿನದ ಹೊತ್ತಿಗೆ ಗುಳ್ಳೆ ತುಂಬಿಕೊಳ್ಳುತ್ತದೆ. ಅದರ ರಸ ತೆಗೆದು ಮುಂದಿನ ಮಗುವಿನ ತೋಳಿಗೆ ಗೀರಬೇಕು. ಆ ಮಗುವಿನಿಂದ ಇನ್ನೊಂದಕ್ಕೆ. ನಡುವೆ ಯಾರಾದರೊಬ್ಬ ತಾಯಿ ಹೆದರಿ ಮಗುವನ್ನು ಕಳಿಸದಿದ್ದರೆ ಅಲ್ಲಿಗೆ ಎಳೆ ತುಂಡಾಯಿತು. ಹಾಗೆ ತೋಳಿನಿಂದ ತೋಳಿಗೆ ದಾಟುತ್ತ ಅದು ಬೊಂಬಾಯಿಯಿಂದ ದಕ್ಷಿಣಕ್ಕೆ ಬಂತು. ಒಬ್ಬರ ಮಗು ನೋವು ತಿಂದರೆ ಮಾತ್ರ ಇನ್ನೊಬ್ಬರ ಮಗು ಉಳಿಯುತ್ತಿತ್ತು. ನರ್ಸ್ ಟ್ರೈನಿಂಗಿನಲ್ಲಿ ಈ ಪಾಠ ಓದಿದ ದಿನ ನನಗೆ ಶಿಲುಬೆಯ ಬಗ್ಗೆ ಎಷ್ಟೋ ಪ್ರಸಂಗಗಳಿಂದ ತಿಳಿಯದಿದ್ದದ್ದು ತಿಳಿದಂತಾಗಿತ್ತು.

ಆದರೆ ದೊಡ್ಡ ಸ್ವಾಮಿಯೋರ ಒಂದು ಮಾತನ್ನು ನಾನು ಒಪ್ಪಲಾರೆ. 1784ರಲ್ಲಿ ಟಿಪ್ಪುವಿನ ಕಡೆಯವರು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ, ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ಹಿಡಿಯುವ ಅಪ್ಪಣೆ ಜಾರಿಯಾದದ್ದು ಬೂದಿ ಬುಧವಾರ, ತಪಸ್ಸು ಕಾಲ ಶುರುವಾಗುವ ದಿನ. ದಾರಿಯಲ್ಲಿ ಸತ್ತವರು ಸತ್ತರು. ಬಂದು ಮುಟ್ಟಿದವರು ಹದಿನೈದು ವರ್ಷ ಸೆರೆಯಲ್ಲಿ ಬಾಳಿದರು. ಬಹಳ ಜನರಿಗೆ ಮತ ಬದಲಾಯಿಸದೆ ಗತಿಯಿರಲಿಲ್ಲ. ಟಿಪ್ಪುವಿನ ಬಗ್ಗೆ ನಮ್ಮ ಸೀಮೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ಆ ಜಗಳಕ್ಕೆ ಈ ಸೆರೆಯವರನ್ನು ಸಾಕ್ಷಿ ಕರೆಯುವುದು ನನಗೆ ಬೇಡ. 1799ರ ಮೇ 4ರಂದು ಕಂಪನಿಯ ಸೈನ್ಯ ಕೋಟೆ ನುಗ್ಗಿದಾಗ ಸತ್ತ ಪಟ್ಟಣದ ಜನರೂ ಯಾರದೋ ಅಣ್ಣ ತಮ್ಮಂದಿರೇ. ನನ್ನ ತಕರಾರು ಇಷ್ಟು: ದುಬ್ವಾ ಸ್ವಾಮಿಯವರು ಮುಂದೆ ಆ ಸೆರೆಯವರ ಬಗ್ಗೆ ಬರೆಯುವಾಗ, ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲವೆಂದು ನಾಚಿಕೆಪಟ್ಟು ಬರೆದರು. ಓದಿದಾಗ ನನಗೆ ಸಂಕಟವಾಯಿತು. ಕೈಯಲ್ಲೊಂದು ಸೊಂಟದಲ್ಲೊಂದು ಮಗು ಇಟ್ಟುಕೊಂಡ ಹೆಂಗಸು ಆ ಹೊತ್ತಿನಲ್ಲಿ ಏನು ಮಾಡಬೇಕಿತ್ತು? ತಲೆ ಬಗ್ಗಿಸಿ, ಹೇಳಿದ ಹೆಸರು ಇಟ್ಟುಕೊಂಡು, ಮಕ್ಕಳಿಗೆ ಗಂಜಿ ಕುಡಿಸಿ, ರಾತ್ರಿ ಮಲಗುವಾಗ ತುಟಿಯಲ್ಲಿ ಹಳೆಯ ಜಪ ಹೇಳಿಕೊಂಡವಳನ್ನು ಹೇಡಿ ಅನ್ನಲು ನನ್ನ ನಾಲಗೆ ಏಳುವುದಿಲ್ಲ. ಹದಿನೈದು ವರ್ಷ ಕಳೆದು ಬಾಗಿಲು ತೆರೆದಾಗ ಸಾವಿರಾರು ಮಂದಿ ಮತ್ತೆ ಗುಡಿಯ ಬಾಗಿಲಿಗೆ ಬಂದರು ಎಂದು ಅವರೇ ಬರೆದಿದ್ದಾರೆ. ಹಾಗೆ ಬರಬೇಕಾದರೆ ಒಳಗೆ ಏನೋ ಆರದೆ ಉಳಿದಿತ್ತು ತಾನೇ?

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ. ಆ ಹೊತ್ತಿಗೆ ಸಿಡುಬು ಹೋಗಿತ್ತು. ದೇಶದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಅಮ್ಮನಿಗೆ ಅದನ್ನು ಹೇಳಿದಾಗ ಅವಳು ಮುಖ ಸವರಿಕೊಂಡು, ‘ಇನ್ಮೇಲೆ ಯಾರಿಗೂ ಇಂಥ ಮುಖ ಇರಲ್ವಾ?’ ಅಂದಳು. ಸಿಡುಬು ಹೋದರೂ ದಡಾರ, ನಾಯಿಕೆಮ್ಮು, ಗಂಟಲಮಾರಿ, ಪೋಲಿಯೊ ಎಲ್ಲ ಇದ್ದವು. ಸರ್ಕಾರಿ ಕಾಗದದಲ್ಲಿ ನಾನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ಕಿಕ್ಕೇರಿ ಕಡೆಯ ಹಳ್ಳಿಗಳಲ್ಲಿ ಕೆಲವು ವರ್ಷ, ಆಮೇಲೆ ನಾಗಮಂಗಲ ತಾಲ್ಲೂಕಿನಲ್ಲಿ ಬಿಂಡಿಗನವಿಲೆ ಹೋಬಳಿ ಕಡೆ. ನಾಲೆ ನೀರಿನ ಪಕ್ಕ ಹುಟ್ಟಿ ಬೆಳೆದ ನನಗೆ ನಾಗಮಂಗಲದ ಒಣಸೀಮೆ ಬೇರೆ ಲೋಕದಂತೆ ಕಂಡಿತು. ಮಳೆ ನಂಬಿದ ರಾಗಿ ಹೊಲ, ಹುರುಳಿ, ಕುರಿ. ಮಳೆ ಬಂದರೆ ಊಟ. ಆ ಜನರ ತಾಳ್ಮೆ ಕಂಡು ನಾನು ಬೆರಗಾಗುತ್ತಿದ್ದೆ. ಅದೇ ತಾಳ್ಮೆ ಕಂಡು ಸಿಟ್ಟೂ ಬರುತ್ತಿತ್ತು.

ಸಿಟ್ಟು ಬಂದದ್ದು ಒಂದು ಹಸುಗೂಸಿನ ಮನೆಯಲ್ಲಿ. ಹೆರಿಗೆ ಮನೆಯಲ್ಲೇ ಆಗಿತ್ತು, ಹೊಕ್ಕುಳಬಳ್ಳಿ ಕೊಯ್ದದ್ದು ಕುಡುಗೋಲಿನಿಂದ. ನಾನು ಹೋದ ದಿನ ಮಗು ಮೊಲೆ ಹಿಡಿಯುತ್ತಿರಲಿಲ್ಲ. ಬಾಯಿ ಬಿಗಿದುಕೊಂಡಿತ್ತು, ಮುಟ್ಟಿದರೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಧನುರ್ವಾಯು. ಬಸಿರಿನಲ್ಲಿ ತಾಯಿಗೆ ಟಿ.ಟಿ. ಇಂಜೆಕ್ಷನ್ ಬಿದ್ದಿದ್ದರೆ, ಕುಡುಗೋಲಿನ ಬದಲು ಚೆನ್ನಾಗಿ ಕುದಿಸಿದ ಬ್ಲೇಡಿನಿಂದ ಬಳ್ಳಿ ಕೊಯ್ದಿದ್ದರೆ, ಆ ಮಗು ಇವತ್ತು ಮಕ್ಕಳೊಂದಿಗನಾಗಿ ಇರುತ್ತಿತ್ತು. ಮಗು ಹೋಯಿತು. ಮನೆಯ ಹಿರಿಯರು ನನ್ನನ್ನೇ ಸಮಾಧಾನ ಮಾಡಿದರು: ‘ಅದರ ಆಯಸ್ಸು ಅಷ್ಟೇ ಇತ್ತು ಕಣವ್ವ, ಬ್ರಹ್ಮ ಬರೆದದ್ದನ್ನ ತಪ್ಸಕ್ಕಾಗತ್ತಾ?’ ಅವರ ಮಾತಿಗೂ ನಮ್ಮ ಮನೆಗೆ ಬಂದ ಬಂಧುಗಳ ‘ಸರ್ವೇಶ್ವರನ ಚಿತ್ತ’ಕ್ಕೂ ಏನು ವ್ಯತ್ಯಾಸ? ಬಡವರು ನೋವನ್ನು ನುಂಗಿಕೊಳ್ಳಲು ಆ ಮಾತು ಹೇಳುತ್ತಾರೆ. ಅದನ್ನು ನಾನು ಕೆಡಿಸಲಾರೆ. ಆದರೆ ಆವತ್ತು ಬಸ್ಸಿಗೆ ಕಾಯುತ್ತ ಆಲದ ಮರದ ಕೆಳಗೆ ನಿಂತು ನಾನು ಒಂದು ತೀರ್ಮಾನಕ್ಕೆ ಬಂದೆ. ಒಂದು ಸೂಜಿಯಿಂದ ತಪ್ಪಿಸಬಹುದಾಗಿದ್ದ ಸಾವನ್ನು ದೇವರ ತಲೆಗೆ ಕಟ್ಟಬಾರದು. ಹಾಗೆ ಕಟ್ಟುವುದು ದೈವಭಕ್ತಿಯಂತೆ ಕಾಣುತ್ತದೆ, ಆದರೆ ಅದು ದೇವರ ಮೇಲೆ ಹೊರಿಸುವ ಸುಳ್ಳು ದೂರು.

ಯೊವಾನ್ನನ ಸುವಾರ್ತೆಯಲ್ಲಿ ಹುಟ್ಟುಕುರುಡನ ಪ್ರಸಂಗವಿದೆ. ಶಿಷ್ಯರು ಕೇಳುತ್ತಾರೆ, ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಇವನ ತಂದೆತಾಯಿಗಳದೋ ಎಂದು. ಇಬ್ಬರದೂ ಅಲ್ಲವೆಂದು ಹೇಳಿ ಯೇಸುಸ್ವಾಮಿ ನೆಲಕ್ಕೆ ಉಗುಳಿ, ಕೆಸರು ಕಲಸಿ, ಅವನ ಕಣ್ಣಿಗೆ ಹಚ್ಚಿ ಕೊಳಕ್ಕೆ ಕಳಿಸುತ್ತಾರೆ. ಯಾಕೆ ಅನ್ನುವುದಕ್ಕೆ ಉದ್ದದ ವಿವರಣೆ ಇಲ್ಲ, ಕೈ ಕೆಸರಾಗುವ ಕೆಲಸ ಇದೆ. ಕಣ್ಣು ಕಳೆದುಕೊಂಡ ಅಮ್ಮನ ಮಗಳಾದ ನನಗೆ ಸುವಾರ್ತೆಯಲ್ಲಿ ಇದರಷ್ಟು ಹತ್ತಿರದ ಭಾಗ ಇನ್ನೊಂದಿಲ್ಲ.

1995ರ ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. ಜಾತ್ರೆ, ಸಂತೆ, ಬಸ್ ನಿಲ್ದಾಣ, ಇಟ್ಟಿಗೆ ಗೂಡು, ಕಬ್ಬು ಕಡಿಯಲು ಬಂದವರ ಗುಡಿಸಲು, ಎಲ್ಲಿ ಮಗುವಿದ್ದರೆ ಅಲ್ಲಿಗೆ ಹೋಗಿ ಬಾಯಿಗೆ ಎರಡು ಹನಿ, ಬೆರಳಿಗೆ ಮಸಿ. ಎಷ್ಟೋ ಸಲ ಅದು ಭಾನುವಾರವೇ ಬೀಳುತ್ತಿತ್ತು, ಪೂಜೆ ತಪ್ಪುತ್ತಿತ್ತು. ಒಮ್ಮೆ ಈ ಚಿಂತೆಯನ್ನು ನಮ್ಮ ಗುಡಿಯ ಸ್ವಾಮಿಗಳ ಹತ್ತಿರ ಹೇಳಿಕೊಂಡಾಗ, ‘ನಿನ್ನ ಪೂಜೆ ಆ ಪೆಟ್ಟಿಗೆಯಲ್ಲೇ ಇದೆ, ಹೋಗಮ್ಮ’ ಎಂದರು. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂದಾಗ ಆರೋಗ್ಯ ಕೇಂದ್ರದಲ್ಲಿ ಎಲ್ಲರೂ ಮೈಸೂರುಪಾಕು ಹಂಚಿ ತಿಂದೆವು. ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ. ಮನೆಯಲ್ಲಿ ಅದನ್ನು ತಿನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನನ್ನ ಯಜಮಾನರು ಆಗಲೇ ಡಯಾಲಿಸಿಸ್‌ನಲ್ಲಿದ್ದರು.

ಅವರದು ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಸೈಕಲ್ ಶಾಪ್. ನಮ್ಮ ಮಾವನ ಕಾಲದವರು ಆ ಊರನ್ನು ಇನ್ನೂ ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದರು. ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬಂಡೆಗಳ ನಡುವೆ ಬಿಡಾರ ಹೂಡಿದ್ದ ಜಾಗವಂತೆ. ಶಾಪಿನಲ್ಲಿ ಸದಾ ಸೊಲ್ಯೂಷನ್ನಿನ ವಾಸನೆ, ಪಂಕ್ಚರ್ ನೋಡುವ ನೀರಿನ ತೊಟ್ಟಿ. ಬಿಡುವಿಲ್ಲದೆ ದುಡಿಯುವ, ಬಿಡುವಿಲ್ಲದೆ ಮಾತಾಡುವ ಮನುಷ್ಯ. ಬಿ.ಪಿ. ಇತ್ತು, ಸಕ್ಕರೆ ಕಾಯಿಲೆ ಇತ್ತು. ಎರಡೂ ಸದ್ದಿಲ್ಲದೆ ಮೂತ್ರಪಿಂಡ ತಿಂದುಹಾಕಿದವು. ಕಾಲು ಊದಿ, ಉಸಿರು ಕಟ್ಟಿ, ಮೈಸೂರಿಗೆ ಕರೆದುಕೊಂಡು ಹೋದಾಗ ವೈದ್ಯರು ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದರು. ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಧಮನಿಯನ್ನೂ ಸಿರೆಯನ್ನೂ ಸೇರಿಸಿ ಹೊಲಿದ ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಝುಮ್ಮೆಂದು ಹರಿಯುವುದು ತಿಳಿಯುತ್ತದೆ. ಆ ಝುಮ್ಮು ನಿಂತರೆ ಕೈ ಕೆಟ್ಟ ಹಾಗೆ, ಮತ್ತೆ ಬೇರೆ ಕಡೆ ದಾರಿ ಹುಡುಕಬೇಕು. ದಿನಾ ಬೆಳಿಗ್ಗೆ ಎದ್ದು ಶಿಲುಬೆ ಗುರುತು ಹಾಕಿಕೊಂಡ ಮೇಲೆ ನನ್ನ ಮೊದಲ ಕೆಲಸ ಅವರ ತೋಳಿನ ಮೇಲೆ ಬೆರಳಿಟ್ಟು ನೋಡುವುದು. ಅವರು ಕಣ್ಣು ಮುಚ್ಚಿಕೊಂಡೇ, ‘ಓಡ್ತಾ ಇದೆಯಾ?’ ಎಂದು ಕೇಳುತ್ತಿದ್ದರು. ‘ಓಡ್ತಾ ಇದೆ’ ಎಂದರೆ ಆವತ್ತಿನ ದಿನ ಶುರು.

ಸೂಜಿಯ ನೋವನ್ನು ಅವರು ಸಹಿಸಿದರು. ನಾಲ್ಕು ಗಂಟೆ ಕದಲದೆ ಮಲಗುವುದನ್ನೂ, ಆಮೇಲಿನ ಸುಸ್ತನ್ನೂ ಸಹಿಸಿದರು. ಸಹಿಸಲಾಗದ್ದು ಬಾಯಾರಿಕೆ. ಮೂತ್ರ ಆಗುವುದಿಲ್ಲ, ಹಾಗಾಗಿ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೆ ಏರುತ್ತದೆ. ದಿನಕ್ಕೆ ಮುಕ್ಕಾಲು ಲೀಟರ್ ಎಂದರು ವೈದ್ಯರು, ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಸೇರಿ. ನಾವಿರುವುದು ಎಲ್ಲಿ? ಎತ್ತ ತಿರುಗಿದರೂ ನಾಲೆ. ಕಾವೇರಿ ಕವಲೊಡೆದು ಊರನ್ನೇ ನಡುವೆ ಕೂಡಿಸಿಕೊಂಡು ಹರಿಯುವ ಜಾಗ. ರಸ್ತೆಯುದ್ದಕ್ಕೂ ಎಳನೀರಿನ ರಾಶಿ, ಮತ್ತು ಎಳನೀರು ಅವರಿಗೆ ವಿಷ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಹೃದಯ ನಿಲ್ಲಿಸಿಬಿಡಬಹುದು. ಬಾಳೆಹಣ್ಣೂ ಬೇಡ. ಸೊಪ್ಪು ತರಕಾರಿಯನ್ನು ಹೆಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿ, ಬೆಂದ ನೀರನ್ನೂ ಬಸಿದು ಚೆಲ್ಲಿ ಕೊಡಬೇಕು. ಬಸ್ಸಾರಿನ ಊರಿನಲ್ಲಿ ಬಸಿದ ನೀರು ಚೆಲ್ಲುವುದು ಎಂದರೆ ಸಾರನ್ನೇ ಚೆಲ್ಲಿದಂತೆ. ಮುದ್ದೆಗೆ ನಂಚಿಕೊಳ್ಳಲು ಉಳಿಯುವುದು ಸಪ್ಪೆ ಚರಟ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವರು ಲೋಟ ಮುಂದಿಟ್ಟುಕೊಂಡು ನೋಡುತ್ತ ಕೂರುತ್ತಿದ್ದರು. ಐಸಿನ ಸಣ್ಣ ತುಂಡು ಕೊಟ್ಟರೆ ದವಡೆಯಲ್ಲಿಟ್ಟುಕೊಂಡು ಕರಗುವ ತನಕ ಮಾತು ನಿಲ್ಲಿಸುತ್ತಿದ್ದರು. ನಿಂಬೆಹಣ್ಣಿನ ಸಿಪ್ಪೆ ಮೂಸುತ್ತಿದ್ದರು. ಒಂದು ರಾತ್ರಿ ಬಚ್ಚಲಿನಲ್ಲಿ ಸದ್ದಾಯಿತೆಂದು ಎದ್ದು ಹೋದರೆ ನಲ್ಲಿ ಬಿಟ್ಟು ಸುಮ್ಮನೆ ಅಂಗೈ ಒಡ್ಡಿ ನಿಂತಿದ್ದರು. ಕುಡಿದಿರಲಿಲ್ಲ. ‘ಬೈಬೇಡ ಕಣೆ, ಬರೀ ಮುಟ್ತಾ ಇದೀನಿ’ ಎಂದರು.

ಶುಭ ಶುಕ್ರವಾರ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ಮಾಡುತ್ತೇವೆ. ಐದನೆಯದು ದಾಹದ ಮಾತು. ಚಿಕ್ಕಂದಿನಿಂದ ಕೇಳಿದ್ದೆ, ಅದಕ್ಕೆ ಎಷ್ಟೋ ಆಧ್ಯಾತ್ಮಿಕ ಅರ್ಥ ಹೇಳುತ್ತಾರೆ, ಆತ್ಮಗಳ ದಾಹ ಎನ್ನುತ್ತಾರೆ. ಆ ವರ್ಷ ಗುಡಿಯಲ್ಲಿ ನಮ್ಮ ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, ‘ಅವನಿಗೆ ನಿಜವಾಗ್ಲೂ ನೀರು ಬೇಕಿತ್ತು’ ಎಂದರು. ನನ್ನ ಮೈ ಜುಮ್ಮೆಂದಿತು. ಎಷ್ಟು ವರ್ಷದಿಂದ ಕೇಳಿದ ಮಾತು ಆವತ್ತು ಒಣಗಿದ ನಾಲಗೆಯಿಂದ ಬಂದಂತೆ ಕೇಳಿಸಿತು. ರೋಗ ವಾಸಿಯಾಗಲಿ ಎಂದು ಅವರು ಬೇಡುತ್ತಿದ್ದರು, ಸಿಟ್ಟಿನಿಂದ ಬೇಡದೆ ಇದ್ದ ದಿನಗಳೂ ಇದ್ದವು. ಆದರೆ ಆವತ್ತಿನಿಂದ ಅವರಿಗೆ ಶಿಲುಬೆಯ ಮೇಲಿನವನು ತನ್ನ ಕಷ್ಟ ಗೊತ್ತಿರುವ ಆಸಾಮಿ ಆದ. ಬಾಯಾರಿಕೆ ಕಮ್ಮಿಯಾಗಲಿಲ್ಲ. ಒಬ್ಬರೇ ಬಾಯಾರುವುದು ತಪ್ಪಿತು.

ಆ ದಿನಗಳಲ್ಲಿ ಮನೆಗೆ ಬಗೆಬಗೆಯ ಜನ ಬಂದರು. ಕೆಲವರು ಕೈ ಇಟ್ಟು ಪ್ರಾರ್ಥನೆ ಮಾಡಿ, ಪೂರ್ತಿ ವಿಶ್ವಾಸವಿದ್ದರೆ ಯಂತ್ರ ಯಾಕೆ, ಡಯಾಲಿಸಿಸ್ ಬಿಟ್ಟು ನೋಡಿ ಎಂದರು. ವಾಸಿಯಾಗದಿದ್ದರೆ ಮನೆಯಲ್ಲಿ ಯಾರೋ ಪಾಪ ಮುಚ್ಚಿಟ್ಟಿದ್ದೀರಿ ಎಂದೂ ಹೇಳಿದರು. ನಾನು ಜೀವನದಲ್ಲಿ ಯಾರನ್ನೂ ಬಾಗಿಲಿಂದಾಚೆ ಕಳಿಸಿದವಳಲ್ಲ, ಅವರನ್ನು ಕಳಿಸಿದೆ. ಯೋಬನ ಗ್ರಂಥ ಓದಿದವರು ಹೀಗೆ ಮಾತಾಡಲಾರರು. ಯೋಬನ ಮೂವರು ಗೆಳೆಯರು ಬಂದು ಅವನ ಜೊತೆ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಕೂತರು, ಅವನ ಸಂಕಟ ನೋಡಿ ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ನೀನೇನೋ ಪಾಪ ಮಾಡಿರಬೇಕು ಎಂದು ಶುರುಮಾಡಿದರು. ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ತನ್ನನ್ನು ತರಾಟೆಗೆ ತೆಗೆದುಕೊಂಡ ಯೋಬನ ಮೇಲೆ ಅಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ನಮ್ಮ ಯಜಮಾನರು ದೇವರ ಜೊತೆ ಜಗಳವಾಡಿದಾಗ ನಾನು ತಡೆಯಲಿಲ್ಲ. ದಾವೀದನ ಕೀರ್ತನೆಗಳಲ್ಲಿ ಅಂಥ ಜಗಳ ಬೇಕಾದಷ್ಟಿದೆ, ಅದೂ ಪ್ರಾರ್ಥನೆಯೇ.

ಒಬ್ಬರು ಕನ್ಯಾಸ್ತ್ರೀಯರು ಬರುತ್ತಿದ್ದರು, ವಯಸ್ಸಾದವರು, ಮಂಡಿ ನೋವಿನವರು. ಮೊದಲ ದಿನ ಬಂದವರು ಒಳಗೆ ನೋಡಿದರು, ಪಾತ್ರೆ ರಾಶಿ ಬಿದ್ದಿತ್ತು. ಸೀರೆ ಸೆರಗು ಸಿಕ್ಕಿಸಿಕೊಂಡು ತಿಕ್ಕಲು ಕೂತರು. ‘ಬೇಡಿ ಸಿಸ್ಟರ್’ ಎಂದರೆ, ‘ನನಗೆ ಪ್ರಸಂಗ ಮಾಡೋಕೆ ಬರಲ್ಲಮ್ಮ, ಇದು ಬರುತ್ತೆ’ ಎಂದರು. ಪಕ್ಕದ ಮನೆಯ ಗೌಡರ ಹೆಂಡತಿ ನಿಮಿಷಾಂಬ ಗುಡಿಗೆ ಹರಕೆ ಹೊತ್ತು ಕುಂಕುಮ ತಂದು ಬಾಗಿಲಲ್ಲೇ ನಿಂತು, ಕೊಡಬಹುದೋ ಬಾರದೋ ಎಂದು ಅನುಮಾನಿಸುತ್ತಿದ್ದರು. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಆ ಕುಂಕುಮದಲ್ಲಿ ಅವರ ಬರಿಗಾಲಿನ ನಡಿಗೆ ಇತ್ತು.

2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ. ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಸೆಪ್ಟೆಂಬರ್ 5ರಂದು ಆದೇಶ ಕೊಟ್ಟಿತು. ಮಳೆ ಕೈಕೊಟ್ಟ ವರ್ಷ, ಕನ್ನಂಬಾಡಿ ಕಟ್ಟೆ ತಳ ಕಾಣುತ್ತಿತ್ತು. ಮಂಡ್ಯ ಜಿಲ್ಲೆ ಉರಿಯಿತು. ಹೆದ್ದಾರಿಯಲ್ಲಿ ಟೈರು ಸುಟ್ಟರು, ಬಸ್ಸು ನಿಂತವು. ಡಯಾಲಿಸಿಸ್ ದಿನ ಮುಂದೂಡಲು ಆಗುವುದಿಲ್ಲ. ರಸ್ತೆ ತಡೆದಿದ್ದ ಕಡೆ ಆಟೋ ಇಳಿದು ನಿಂತಾಗ ಹಸಿರು ಶಾಲಿನ ಹುಡುಗನೊಬ್ಬ ಅವರ ತೋಳಿನ ಬ್ಯಾಂಡೇಜು ನೋಡಿದ. ‘ಏನಣ್ಣ ಇದು?’ ಎಂದ. ‘ನೀರು ಜಾಸ್ತಿಯಾಗಿದೆ ಕಣಪ್ಪ, ತೆಗೆಸೋಕೆ ಹೊಂಟಿದೀನಿ’ ಎಂದರು ನಮ್ಮವರು. ನೀರಿಗಾಗಿ ರಸ್ತೆಯಲ್ಲಿ ಕೂತಿದ್ದ ಆ ಹುಡುಗ ಒಂದು ಗಳಿಗೆ ಸುಮ್ಮನಾದ. ಆಮೇಲೆ ತನ್ನ ಬೈಕಿನಲ್ಲಿ ಅವರನ್ನು ಕೂರಿಸಿಕೊಂಡು, ಹಿಂದೆ ಇನ್ನೊಂದು ಬೈಕಿನಲ್ಲಿ ನನ್ನನ್ನು ಹತ್ತಿಸಿ, ಹಳ್ಳಿ ದಾರಿಗಳಲ್ಲಿ ಸುತ್ತಿ ಮೈಸೂರು ಮುಟ್ಟಿಸಿದ. ದುಡ್ಡು ಮುಟ್ಟಲಿಲ್ಲ. ಹೆಸರು ಕೇಳುವಷ್ಟರಲ್ಲಿ ಹೋಗಿದ್ದ.

ಮರುವರ್ಷ ತಪಸ್ಸು ಕಾಲದಲ್ಲಿ ಅವರು ತೀರಿಕೊಂಡರು. ಸ್ವಾಮಿಗಳು ಬಂದು ತೈಲ ಹಚ್ಚಿದ್ದರು. ಕೊನೆಯ ದಿನ ಲೆಕ್ಕ ಬಿಟ್ಟು ಒಂದು ಲೋಟ ತುಂಬ ನೀರು ಕೊಟ್ಟೆ. ಎರಡು ಗುಟುಕು ಕುಡಿದು ಸಾಕೆಂದರು.

ಅವರು ಹೋದ ಮೇಲೆ ನಾನು ದೇವರನ್ನು ಯಾಕೆಂದು ಕೇಳಿದ್ದು ಕಡಿಮೆ. ಅವರ ರೋಗಕ್ಕೆ ಒಂದು ಕಾರಣವಿತ್ತು, ಚಿಕಿತ್ಸೆ ಸಿಕ್ಕಿತು, ಆಗುವುದೆಲ್ಲ ಆಯಿತು, ಸಾವು ಬಂತು. ಅಂಥ ಸಾವಿನ ಮುಂದೆ ತಲೆ ಬಾಗುತ್ತದೆ. ತಲೆ ಬಾಗದ ಸಾವು ನೋಡಿದ್ದು 2018ರ ನವೆಂಬರ್ 24ರಂದು. ಶನಿವಾರ, ಶಾಲೆ ಅರ್ಧ ದಿನ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಜನ ಸತ್ತರು. ಎಷ್ಟೋ ಮಂದಿ ಮನೆಗೆ ಊಟಕ್ಕೆ ಹೊರಟಿದ್ದ ಮಕ್ಕಳು. ನಾಲೆಯ ಪಕ್ಕ ತಡೆಗೋಡೆ ಇರಲಿಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಅಂದು ಸಂಜೆ ಒಲೆ ಹತ್ತಲಿಲ್ಲ. ಅದೇ ರಾತ್ರಿ ಚಿತ್ರನಟ ಅಂಬರೀಷ್ ಕೂಡ ಹೋದರು, ಟಿವಿಗಳೆಲ್ಲ ಆ ಕಡೆ ತಿರುಗಿದವು, ಹಳ್ಳಿಗಳು ತಮ್ಮ ಮಕ್ಕಳನ್ನು ತಾವೇ ಮಣ್ಣು ಮಾಡಿಕೊಂಡವು.

ಮರುದಿನ ಭಾನುವಾರ ಕ್ರಿಸ್ತರಾಜನ ಹಬ್ಬ. ಪೂಜೆ ಮುಗಿದು ಹೊರಗೆ ನಿಂತಾಗ ಯಾರೋ, ‘ದೇವರು ಪುಟ್ಟ ಹೂಗಳನ್ನ ತನ್ನ ತೋಟಕ್ಕೆ ಕರ್ಕೊಂಡ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು, ‘ದೇವರಲ್ಲ, ಗೋಡೆ ಇರಲಿಲ್ಲ’ ಎಂದೆ. ಸುತ್ತ ನಿಂತವರು ಮೌನವಾದರು. ನಾನು ಆ ಮಾತನ್ನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ರಾಜನೆಂದು ನಾವು ಹಾಡುವವನು ಮಕ್ಕಳನ್ನು ನಾಲೆಗೆ ದೂಡುವ ರಾಜನಾದರೆ ಅವನ ಮುಂದೆ ಮೊಣಕಾಲೂರಲು ನನ್ನಿಂದಾಗದು. ಅವನು ನಾಲೆಯ ಏರಿಯ ಮೇಲೆ ಹಗ್ಗ ಹಿಡಿದು ಬಸ್ಸು ಎಳೆಯಲು ನಿಂತ ಜನರ ನಡುವೆ ಇದ್ದ, ಅವರ ಜೊತೆ ಅಂಗೈ ಸುಲಿಸಿಕೊಂಡ. ನನ್ನ ವಿಶ್ವಾಸಕ್ಕೆ ಗೊತ್ತಿರುವುದು ಅಂಥವನೇ.

ದೊಡ್ಡ ಸ್ವಾಮಿಯೋರು 1823ರ ಜನವರಿಯಲ್ಲಿ ಈ ದೇಶ ಬಿಟ್ಟು ಹೋದರು. ಮನಸ್ಸು ಮುರಿದಿತ್ತು. ಮೂವತ್ತು ವರ್ಷ ದುಡಿದರೂ ಇಲ್ಲಿ ಕ್ರೈಸ್ತಧರ್ಮ ಬೇರೂರಲಿಲ್ಲ, ಇನ್ನು ಮುಂದೆಯೂ ಊರದು ಎಂದು ಅದೇ ವರ್ಷ ಲಂಡನ್ನಿನಲ್ಲಿ ಪುಸ್ತಕ ಅಚ್ಚುಹಾಕಿಸಿದರು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಅವರು ಎಣಿಸಿದ್ದು ಜ್ಞಾನಸ್ನಾನ ಪಡೆದ ತಲೆಗಳನ್ನು. ಅವರ ಲಸಿಕೆ ಹಾಕಿಸಿಕೊಂಡು ಬದುಕಿ, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡವರ ತೋಳುಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದರೆ ಅಷ್ಟು ನೊಂದು ಹೋಗುತ್ತಿರಲಿಲ್ಲವೇನೋ. ಅವರು ಕಟ್ಟಿಸಿದ ಗುಡಿಯಲ್ಲಿ ಕೂತಾಗಲೆಲ್ಲ ನನಗೆ ಇದನ್ನು ಅವರಿಗೆ ಹೇಳಬೇಕೆನಿಸುತ್ತದೆ.

ನಿವೃತ್ತಿಯಾದ ಮೇಲೆ ನಾನು ಡಯಾಲಿಸಿಸ್‌ಗೆ ಹೋಗಿಬರುವವರ ಮನೆಗಳಿಗೆ ಹೋಗುತ್ತೇನೆ. ಯಾರೂ ನೇಮಿಸಿಲ್ಲ, ಒಬ್ಬರಿಂದ ಒಬ್ಬರು ಕೇಳಿ ಕರೆಯುತ್ತಾರೆ. ಹೋದ ವಾರ ಚಿನಕುರಳಿ ಕಡೆಯ ಒಂದು ಮನೆ. ಗಂಡನಿಗೆ ನಲವತ್ತೂ ಇಲ್ಲ, ಎರಡು ಮಕ್ಕಳು. ಆ ಹುಡುಗಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, ‘ನರ್ಸಮ್ಮ, ನಾವ್ ಯಾರಿಗೂ ಅನ್ಯಾಯ ಮಾಡ್ನಿಲ್ಲ, ನಮ್ಗೇ ಯಾಕಿಂಗಾಯ್ತು?’ ಎಂದಳು. ‘ನನಗೂ ಗೊತ್ತಿಲ್ಲ ಕಣವ್ವ’ ಎಂದು ಅವಳ ಪಕ್ಕ ಕೂತೆ. ಅವಳು ಅತ್ತಳು. ಅತ್ತು ಮುಗಿಯುವ ತನಕ ಸೊಪ್ಪು ನಾನು ಬಿಡಿಸಿದೆ. ಆಮೇಲೆ ನೀರು ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತು ನೆನೆಯಬೇಕು, ಎರಡು ಸಲ ಹೇಗೆ ಬಸಿಯಬೇಕು ಎಂದು ಮಾಡಿ ತೋರಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಗಂಡನ ತೋಳಿನ ಮೇಲೆ ಬೆರಳು ಎಲ್ಲಿಡಬೇಕೆಂದು ಅವಳ ಬೆರಳು ಹಿಡಿದು ಇಟ್ಟು ಕಲಿಸಿದೆ. ಮಂಗಳವಾರ ಮೈಸೂರಿಗೆ ಅವನ ಜೊತೆ ನಾನು ಹೋಗಿಬರುತ್ತೇನೆ, ಅವಳು ಆವತ್ತು ಮಧ್ಯಾಹ್ನ ಒಂದಿಷ್ಟು ನಿದ್ದೆ ಮಾಡಲಿ ಎಂದು ಮಾತಾಗಿದೆ.